ಚೀನೀಯರ ವಿದ್ಯುತ್ ಕಾರುಗಳೂ ಹೆದ್ದಾರಿಯ ಲೆಕ್ಕವೂ

ಚೀನಾ ದೇಶದ ವಿದ್ಯುತ್ ಕಾರುಗಳ ವಿಷಯವಾಗಿ ನಮ್ಮ ಪಟ್ಟಣಗಳ ವಿದ್ಯಾವಂತರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತಿದೆ. ಅವು ಪ್ರಪಂಚದ ಮಾರುಕಟ್ಟೆಯನ್ನೇ ಗೆದ್ದುವೆಂದು ಕೆಲವರು ಬೆರಗಾಗುತ್ತಾರೆ. ಅವುಗಳ ಪ್ರತಾಪವೆಲ್ಲ ಜಾಹೀರಾತಿನಲ್ಲಿ ಮಾತ್ರ, ಹೆದ್ದಾರಿಗೆ ಇಳಿದೊಡನೆ ಬಣ್ಣ ಬಯಲಾಗುತ್ತದೆಂದು ಮತ್ತೆ ಕೆಲವರು ನಗುತ್ತಾರೆ. ಎರಡು ಪಕ್ಷದವರೂ ಆಧಾರವಾಗಿ ಹಿಡಿಯುವುದು ಒಂದೇ ಅಂಕಿಯನ್ನು: ಒಮ್ಮೆ ಚಾರ್ಜ್ ಮಾಡಿದರೆ ಕಾರು ಇಷ್ಟು ಕಿಲೋಮೀಟರು ಓಡುತ್ತದೆ ಎಂಬ ಅಂಕಿ. ಅದು ಎಲ್ಲಿ ಹುಟ್ಟಿತು, ಅದರ ಬೆಲೆಯೆಷ್ಟು ಎಂಬುದನ್ನು ವಿಚಾರಿಸದೆ ಬೆರಗಾಗುವುದೂ ಸಲ್ಲದು, ನಗುವುದೂ ಸಲ್ಲದು.

ಚೀನಾ ಸರ್ಕಾರದವರು ಗೊತ್ತುಮಾಡಿರುವ ಪರೀಕ್ಷಾಕ್ರಮಕ್ಕೆ ಸಿ.ಎಲ್.ಟಿ.ಸಿ. ಎಂದು ಹೆಸರು. ಪ್ರಯೋಗಶಾಲೆಯ ಉರುಳೆಗಳ ಮೇಲೆ ಕಾರನ್ನು ನಿಲ್ಲಿಸಿ, 30 ನಿಮಿಷಗಳ ಒಂದು ಆವೃತ್ತಿಯಲ್ಲಿ 14.48 ಕಿ.ಮೀ. ದೂರವನ್ನು ಓಡಿಸುತ್ತಾರೆ. ಸರಾಸರಿ ವೇಗವು ಗಂಟೆಗೆ 29 ಕಿ.ಮೀ.ಗೂ ಕೊಂಚ ಕಡಮೆ. ಒಂದು ಗಳಿಗೆ ಮಾತ್ರ 114ನ್ನು ಮುಟ್ಟಿ ಇಳಿಯುತ್ತದೆ. ಯೂರೋಪಿನ ಡಬ್ಲ್ಯು.ಎಲ್.ಟಿ.ಪಿ. ಎಂಬ ಕ್ರಮದಲ್ಲಿ ಅದೇ 30 ನಿಮಿಷದೊಳಗೆ 23 ಕಿ.ಮೀ.ಗೂ ಮೀರಿದ ದೂರವನ್ನು ಕ್ರಮಿಸಬೇಕು. ಅಲ್ಲಿ ವೇಗವು 131ರ ವರೆಗೆ ಏರುತ್ತದೆ. ಚೀನಾದ ಕ್ರಮವು ಆ ದೇಶದ ಮಹಾನಗರಗಳ ಜನಭರಿತ ಬೀದಿಗಳಿಗೆ ಸರಿಯಾಗಿಯೇ ಹೊಂದುತ್ತದೆ. ಆದಕಾರಣ ಅದನ್ನು ಮೋಸವೆನ್ನಲಾಗದು. ಆದರೆ ಅದೇ ದೇಶದ ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಗಂಟೆಗೆ 120 ಕಿ.ಮೀ. ವೇಗಕ್ಕೆ ಅನುಮತಿಯುಂಟು. ಬೀದಿಯ ಲೆಕ್ಕವನ್ನು ಹೆದ್ದಾರಿಗೆ ಹಿಡಿದರೆ ಲೆಕ್ಕ ತಪ್ಪದೆ ಇನ್ನೇನಾದೀತು?

ಇದರ ಕಾರಣವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಊರೊಳಗೆ ತಡೆ ಹಾಕಿದಾಗಲೆಲ್ಲ ವಿದ್ಯುತ್ ಕಾರಿನ ಮೋಟಾರು ತಾನೇ ಡೈನಮೊ ಆಗಿ, ವ್ಯಯವಾದ ಶಕ್ತಿಯಲ್ಲಿ ಒಂದು ಭಾಗವನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಒಂದೇ ಸಮನೆ ಓಡುವ ಹೆದ್ದಾರಿಯಲ್ಲಿ ಹಿಂದಿರುಗಿಸಲು ಏನೂ ಇರುವುದಿಲ್ಲ. ಪೆಟ್ರೋಲ್ ಕಾರಿನವರ ಅನುಭವ ಇದಕ್ಕೆ ತದ್ವಿರುದ್ಧ: ಊರೊಳಗೆ ಎಣ್ಣೆ ಹೆಚ್ಚು ಕುಡಿಯುವ ಗಾಡಿಯು ಊರ ಹೊರಗೆ ಮಿತವ್ಯಯಿಯಾಗುತ್ತದೆ. ಹತ್ತಾರು ವರ್ಷ ಅದನ್ನೇ ಕಂಡವರು ವಿದ್ಯುತ್ ಕಾರನ್ನು ಹತ್ತಿ ಮೊದಲ ದೂರಪ್ರಯಾಣದಲ್ಲೇ ಕಂಗೆಡುವುದು ಸಹಜ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಬಿ.ವೈ.ಡಿ. ಕಂಪೆನಿಯ ಆಟೊ 3 ಎಂಬ ಕಾರು 2022ರಲ್ಲಿ ನಮ್ಮ ದೇಶದ ಪೇಟೆಗೂ ಬಂದಿತು. ಅದರ ಬ್ಯಾಟರಿ 60.48 ಯೂನಿಟ್ಟಿನದು. ಆ ಬ್ಯಾಟರಿಯ ಕಾರಿಗೆ ಚೀನಾದಲ್ಲಿ ಘೋಷಿಸಿದ ದೂರ 510 ಕಿ.ಮೀ., ಯೂರೋಪಿನಲ್ಲಿ 420, ನಮ್ಮಲ್ಲಿ 521! ಚೀನೀಯರ ಅಂಕಿಯನ್ನು ಕಂಡು ನಗುವ ನಮ್ಮ ಮಿತ್ರರು ಇಲ್ಲಿ ತುಸು ನಿಲ್ಲಬೇಕು. ಭಾರತದ ಅಂಕಿ ಹೊರಟ ಪರೀಕ್ಷಾಕ್ರಮದಲ್ಲಿ ಅತ್ಯಧಿಕ ವೇಗವೇ ಗಂಟೆಗೆ 90 ಕಿ.ಮೀ. ಮೂರು ದೇಶಗಳಲ್ಲಿ ಅತ್ಯಂತ ಉದಾರವಾದ ಅಳತೆಗೋಲು ನಮ್ಮದೇ.

521 ಕಿ.ಮೀ. ಎಂದರೆ ಯೂನಿಟ್ಟಿಗೆ ಎಂಟೂವರೆ ಕಿ.ಮೀ.ಗೂ ಮಿಗಿಲಾಯಿತು. ಎತ್ತರದ ಮೈಕಟ್ಟಿನ ಇಂಥ ಕಾರು 110ರಿಂದ 120ರ ವೇಗದಲ್ಲಿ ಓಡಿದರೆ ಯೂನಿಟ್ಟಿಗೆ ಐದು ಕಿ.ಮೀ. ದೊರೆತರೆ ಸಾಕೆನ್ನಬೇಕು, ಒಟ್ಟು ದೂರ 300ರ ಸುತ್ತಮುತ್ತ. ಅಷ್ಟನ್ನೂ ಪ್ರಯಾಣಿಕನು ಬಳಸಲಾರನು. ಬ್ಯಾಟರಿಯು ನೂರಕ್ಕೆ ಹತ್ತಕ್ಕೆ ಇಳಿಯುವ ಮೊದಲೇ ವಿವೇಕಿಯು ಕಂಬವನ್ನು ಹುಡುಕುತ್ತಾನೆ. ಎಂಬತ್ತನ್ನು ದಾಟಿದ ಮೇಲೆ ಚಾರ್ಜಿನ ವೇಗ ಕುಗ್ಗುವುದರಿಂದ ಅಲ್ಲಿಗೇ ಎದ್ದು ಹೊರಡುತ್ತಾನೆ. ಉಳಿದದ್ದು 210 ಕಿ.ಮೀ.; ಎಂದರೆ ಎರಡು ಗಂಟೆ ಓಟ, ಮುಕ್ಕಾಲು ಗಂಟೆಯಷ್ಟು ನಿಲುಗಡೆ. ಸೊನ್ನೆಯಿಂದ ಎಂಬತ್ತಕ್ಕೆ 50 ನಿಮಿಷವೆಂದು ಕಂಪೆನಿಯವರೇ ಹೇಳಿರುವರು.

ಚೀನೀ ಕಾರುಗಳೆಲ್ಲವೂ ಮಾತಿಗೆ ತಪ್ಪುವವೆಂದು ಇದರಿಂದ ತೀರ್ಮಾನಿಸಲಾಗದು. 2023ರ ಡಿಸೆಂಬರಿನಲ್ಲಿ ನಿಯೋ ಕಂಪೆನಿಯ ಮುಖ್ಯಸ್ಥ ವಿಲಿಯಂ ಲೀ ಅವರು 150 ಯೂನಿಟ್ಟಿನ ಬ್ಯಾಟರಿಯ ಕಾರಿನಲ್ಲಿ, ಜನರು ನೇರ ಪ್ರಸಾರದಲ್ಲಿ ನೋಡುತ್ತಿರುವಂತೆಯೇ, ಒಂದೇ ಚಾರ್ಜಿನಲ್ಲಿ 1,044 ಕಿ.ಮೀ. ಕ್ರಮಿಸಿದರು. ಘೋಷಿಸಿದ್ದ ದೂರ 1,050. ಆದರೆ ಸರಾಸರಿ ವೇಗವು ಸುಮಾರು 84 ಇತ್ತೆಂಬುದನ್ನೂ ಜೊತೆಗೇ ಹೇಳಬೇಕು. 2024ರ ಆರಂಭದಲ್ಲಿ ನಾರ್ವೆ ದೇಶದ ಮೋಟಾರು ಸಂಘದವರು ನಡೆಸಿದ ಚಳಿಗಾಲದ ಪರೀಕ್ಷೆಯಲ್ಲಿ ಹೈಫೈ ಜ಼ೆಡ್ ಎಂಬ ಚೀನೀ ಕಾರು 522 ಕಿ.ಮೀ. ಓಡಿ, ಯೂರೋಪಿನ ಕ್ರಮದಲ್ಲಿ ತನಗೆ ಗೊತ್ತಾಗಿದ್ದ ದೂರಕ್ಕಿಂತ ನೂರಕ್ಕೆ ಆರರಷ್ಟು ಮಾತ್ರ ಹಿಂದುಳಿಯಿತು. ಆ ಪರೀಕ್ಷೆಯಲ್ಲಿ ಕೊಟ್ಟ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಉಳಿಸಿಕೊಂಡದ್ದು ಅದೇ. ಕೆಲವೇ ವಾರಗಳಲ್ಲಿ ಅದನ್ನು ತಯಾರಿಸುತ್ತಿದ್ದ ಕಂಪೆನಿಯು ಉತ್ಪಾದನೆಯನ್ನು ನಿಲ್ಲಿಸಿತು! ಪೈಪೋಟಿಯಲ್ಲಿ ಸತ್ಯಸಂಧತೆಯೊಂದೇ ಬಂಡವಾಳವಾಗದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಚಾರ್ಜಿನ ಮಾತು. ಬಿ.ವೈ.ಡಿ.ಯವರು 2025ರ ಮಾರ್ಚಿನಲ್ಲಿ 1,000 ಕಿಲೋವ್ಯಾಟ್ ಶಕ್ತಿಯ ಕಂಬವನ್ನು ತೋರಿಸಿ, ಐದು ನಿಮಿಷದಲ್ಲಿ 400 ಕಿ.ಮೀ.ಗೆ ಸಾಕಾಗುವಷ್ಟು ವಿದ್ಯುತ್ತನ್ನು ತುಂಬುವೆವೆಂದರು. ಮರುತಿಂಗಳೇ ಸಿ.ಎ.ಟಿ.ಎಲ್. ಕಂಪೆನಿಯವರು ಅದೇ ಐದು ನಿಮಿಷಕ್ಕೆ 520 ಎಂದರು. ಇಲ್ಲಿಯೂ ವಾಚಕರು ಎಚ್ಚರವಾಗಿರಬೇಕು: ಈ ಕಿಲೋಮೀಟರುಗಳೂ ಪರೀಕ್ಷಾಶಾಲೆಯ ಕಿಲೋಮೀಟರುಗಳೇ. ವೇಗವಾಗಿ ಓಡುವವನಿಗೆ 400 ಎಂಬುದು 250ರ ಹತ್ತಿರಕ್ಕೆ ಇಳಿದರೆ ಆಶ್ಚರ್ಯವಿಲ್ಲ. ಆದರೂ ಐದು ನಿಮಿಷಕ್ಕೆ 250 ಸಾಮಾನ್ಯವೆ? ನೂರಾರು ಮನೆಗಳು ಒಮ್ಮೆಗೇ ಎಳೆಯುವಷ್ಟು ಶಕ್ತಿಯನ್ನು ಒಂದು ಕಂಬವು ಎಳೆಯುವುದರಿಂದ, ವಿದ್ಯುತ್ ಜಾಲಕ್ಕೆ ಆಘಾತವಾಗದಂತೆ ಆ ಕೇಂದ್ರಗಳಲ್ಲೇ ಸಂಗ್ರಹದ ಬ್ಯಾಟರಿಗಳನ್ನು ಇಡುತ್ತಾರೆ. ನಿಯೋ ಕಂಪೆನಿಯವರ ದಾರಿ ಬೇರೆ. ಅವರು ಬರಿದಾದ ಬ್ಯಾಟರಿಯನ್ನೇ ಕೆಳಗಿಳಿಸಿ ತುಂಬಿದ ಬ್ಯಾಟರಿಯನ್ನು ಕೂಡಿಸಿ ಕಳುಹಿಸುತ್ತಾರೆ.

ಆದರೆ ಚೀನೀಯರ ನಿಜವಾದ ಬಲವನ್ನು ನಾವು ಈ ಚಮತ್ಕಾರಗಳಲ್ಲಿ ಕಾಣುತ್ತಿಲ್ಲ. ಕೊಳ್ಳುವವರು ಇನ್ನೂ ವಿರಳವಾಗಿದ್ದ ಕಾಲದಲ್ಲಿಯೇ, 2015ರ ಜನವರಿಯ ವೇಳೆಗೆ, ಅಲ್ಲಿನ ಸರ್ಕಾರೀ ವಿದ್ಯುತ್ ಸಂಸ್ಥೆಯು ಬೀಜಿಂಗ್–ಶಾಂಘಾಯಿ ಹೆದ್ದಾರಿಯ 1,262 ಕಿ.ಮೀ. ಉದ್ದಕ್ಕೂ ಸರಾಸರಿ 50 ಕಿ.ಮೀ.ಗೊಂದರಂತೆ ಶೀಘ್ರ ಚಾರ್ಜಿನ ಕೇಂದ್ರಗಳನ್ನು ಸ್ಥಾಪಿಸಿತ್ತು. ಗಿರಾಕಿ ಬಂದಮೇಲೆ ಬಾವಿ ತೋಡುವ ಪದ್ಧತಿ ಅದಲ್ಲ. ಅಷ್ಟಾದರೂ 2021ರ ಅಕ್ಟೋಬರ್ ರಜೆಯಲ್ಲಿ ಹೂನಾನ್ ಪ್ರಾಂತದ ಹೆದ್ದಾರಿಯ ತಂಗುದಾಣದಲ್ಲಿ ಕಾರಿನವರು ಕಂಬಕ್ಕಾಗಿ ನಾಲ್ಕು ನಾಲ್ಕು ಗಂಟೆ ಸಾಲುಗಟ್ಟಿ ನಿಂತರು; ದೇಶವೆಲ್ಲ ಗುಲ್ಲಾಯಿತು. ಸರ್ಕಾರದವರು ಸಮಜಾಯಿಷಿ ಹೇಳುತ್ತ ಕೂಡಲಿಲ್ಲ. ಅತಿ ಶೀತದ ಮತ್ತು ಎತ್ತರದ ಸೀಮೆಗಳನ್ನು ಬಿಟ್ಟು ಉಳಿದ ಎಲ್ಲ ಎಕ್ಸ್‌ಪ್ರೆಸ್ ಹೆದ್ದಾರಿಗಳ ತಂಗುದಾಣಗಳಲ್ಲಿಯೂ ಆ ವರ್ಷದ ಕೊನೆಯೊಳಗಾಗಿ ಚಾರ್ಜಿನ ಅನುಕೂಲವಿರಬೇಕೆಂದು 2022ರ ಆಗಸ್ಟಿನಲ್ಲಿ ವಾಯಿದೆಯನ್ನೇ ಕಟ್ಟಿದರು. 2024ರ ಅಂತ್ಯಕ್ಕೆ ಆ ದೇಶದ ಸಾರ್ವಜನಿಕ ಕಂಬಗಳ ಸಂಖ್ಯೆ 35 ಲಕ್ಷವನ್ನು ದಾಟಿತ್ತು. ಮುಂದಿನ ಕಂಬ ಖಂಡಿತವಾಗಿ ಇದೆಯೆಂದು ನಂಬಿದವನಿಗೆ 510 ಎಂಬುದು 300 ಆದರೂ ಪ್ರಯಾಣ ಕೆಡುವುದಿಲ್ಲ; ಆ ನಂಬಿಕೆಯಿಲ್ಲದವನಿಗೆ 521 ಇದ್ದೂ ಎದೆ ಡವಗುಟ್ಟುತ್ತದೆ.

2024ರಲ್ಲಿ ಅಮೆರಿಕಾ ಈ ಕಾರುಗಳ ಮೇಲೆ ನೂರಕ್ಕೆ ನೂರರಷ್ಟು ಸುಂಕ ವಿಧಿಸಿತು. ಯೂರೋಪಿನ ಒಕ್ಕೂಟವು ಮೊದಲಿದ್ದ ಹತ್ತರ ಮೇಲೆ 35.3ರ ವರೆಗೆ ಕೂಡಿಸಿತು. ಅವು ಬರಿಯ ಜಾಹೀರಾತಿನ ಸರಕಾಗಿದ್ದರೆ ಇಷ್ಟು ಎತ್ತರದ ಗೋಡೆ ಏಕೆ ಬೇಕಾಗುತ್ತಿತ್ತು?

ನಮಗೆ ವ್ಯಥೆಯನ್ನುಂಟುಮಾಡುವ ಸಂಗತಿ ಬೇರೊಂದಿದೆ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು ನಮ್ಮ ಬೆಂಗಳೂರಿನಿಂದ ಹೊರಬಿದ್ದದ್ದು 2001ರಲ್ಲಿ. ಆಗ ಬಿ.ವೈ.ಡಿ. ಎಂಬುದು ಷೆನ್‌ಜೆನ್ ನಗರದಲ್ಲಿ ಬ್ಯಾಟರಿಗಳನ್ನು ಮಾಡುತ್ತಿದ್ದ ಕಂಪೆನಿ. ಕಾರಿನ ಉದ್ಯಮಕ್ಕೆ ಅದು ಕೈಹಾಕಿದ್ದು 2003ರಲ್ಲಿ. ಇಂದು ಆ ಕಂಪೆನಿಯ ಕಾರುಗಳು ಹೊತ್ತಿರುವ ಲಿಥಿಯಂ–ಕಬ್ಬಿಣ–ಫಾಸ್ಫೇಟ್ ಬ್ಯಾಟರಿಯ ಮೂಲ ಸಂಶೋಧನೆ 1997ರಲ್ಲಿ ಅಮೆರಿಕಾದ ಟೆಕ್ಸಾಸ್ ವಿಶ್ವವಿದ್ಯಾನಿಲಯದಿಂದ ಪ್ರಕಟವಾಯಿತು. ಆ ಲೇಖನದ ಕರ್ತೃಗಳು ಮೂವರು: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ನಂಜುಂಡಸ್ವಾಮಿ ಎಂಬ ಹೆಸರು ಕನ್ನಡಿಗರ ಕಿವಿಗೆ ಹೊಸದಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದರೆ ಇದೇ. ಸ್ವದೇಶದ ಮುದ್ರೆಯ ಅನೇಕ ಕಾರುಗಳ ಒಡಲಲ್ಲಿಯೂ ಚೀನಾದ ಕೋಶಗಳೇ ಕುಳಿತಿವೆ. 2025ರ ಏಪ್ರಿಲಿನಲ್ಲಿ ಆ ಸರ್ಕಾರವು ಮೋಟಾರಿಗೆ ಬೇಕಾದ ವಿರಳ ಲೋಹಗಳ ಅಯಸ್ಕಾಂತಗಳನ್ನು ಪರವಾನಗಿಯಿಲ್ಲದೆ ಹೊರಗೆ ಕಳುಹಿಸಕೂಡದೆಂದು ವಿಧಿಸಿದಾಗ ನಮ್ಮ ಕಾರ್ಖಾನೆಗಳವರು ಪಟ್ಟ ಪರದಾಟವನ್ನು ವಾಚಕರು ಮರೆತಿರಲಾರರು. ಬಿ.ವೈ.ಡಿ.ಯವರು ಇಲ್ಲಿ ಕಾರ್ಖಾನೆ ಹೂಡುವೆವೆಂದು ಮುಂದಿಟ್ಟ ಯೋಜನೆಯನ್ನು ದೆಹಲಿಯವರು 2023ರಲ್ಲಿ ತಳ್ಳಿಹಾಕಿದರು. ದೇಶದ ಭದ್ರತೆಯ ದೃಷ್ಟಿಯಿಂದ ಅದು ತಪ್ಪೆಂದು ನಾವು ಹೇಳಲಾರೆವು. ಆದರೆ ಬಾಗಿಲು ಮುಚ್ಚಿದವರು ಒಳಗೆ ಒಲೆ ಹಚ್ಚಬೇಡವೆ?

2024ರ ಡಿಸೆಂಬರಿಗೆ ದೇಶದಲ್ಲಿದ್ದ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು 25,202. ಅವರದು ಕಂಬಗಳ ಎಣಿಕೆ, ನಮ್ಮದು ಕೇಂದ್ರಗಳ ಎಣಿಕೆ. ಆದರೂ ಅಂತರ ಕಣ್ಣಿಗೆ ಹೊಡೆಯುತ್ತದೆ. ಇವುಗಳಲ್ಲಿ 5,765 ಕರ್ನಾಟಕದವು, ಎಲ್ಲ ಸಂಸ್ಥಾನಗಳಿಗಿಂತ ಹೆಚ್ಚು. ಹೆಮ್ಮೆಪಡುವ ಮೊದಲು ಅವು ಎಲ್ಲಿವೆಯೆಂದು ನೋಡಬೇಕು: ಬಹುಪಾಲು ಬೆಂಗಳೂರು ನಗರದಲ್ಲಿ, ಎಂದರೆ ಮನೆಯಲ್ಲೇ ರಾತ್ರಿ ಚಾರ್ಜ್ ಮಾಡಿಕೊಂಡು ದಿನಕ್ಕೆ ನಲವತ್ತು ಐವತ್ತು ಕಿ.ಮೀ. ಓಡುವ ಕಾರುಗಳ ನಡುವೆ.

ನಮ್ಮ ಅಧಿಕಾರಿಗಳು ಮಾಡಬಹುದಾದ ಕೆಲವು ಕೆಲಸಗಳಿಗೆ ಹಣವೂ ಬೇಕಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ, ಹವಾನಿಯಂತ್ರಣವು ನಡೆಯುತ್ತಿರುವಾಗ, ಕಾರು ಎಷ್ಟು ದೂರ ಓಡುತ್ತದೆಂಬುದನ್ನು ಪ್ರತ್ಯೇಕವಾಗಿ ಘೋಷಿಸಬೇಕೆಂದು ವಿಧಿಸಲಿ. ಚಾರ್ಜಿನ ವೇಗವನ್ನು ಕಿಲೋಮೀಟರಿನಲ್ಲಲ್ಲ, ಯೂನಿಟ್ಟಿನಲ್ಲಿ ಹೇಳಿಸಲಿ. ಟಾಟಾ ಕಂಪೆನಿಯವರು 2024ರಲ್ಲಿ 585 ಕಿ.ಮೀ. ಎಂದು ಪ್ರಮಾಣಿತವಾದ ಕರ್ವ್ ಕಾರಿಗೆ 400ರಿಂದ 425 ಎಂಬ ವಾಸ್ತವದ ಅಂಕಿಯನ್ನು ತಾವಾಗಿಯೇ ಪ್ರಕಟಿಸಿದರು. ಅದರಿಂದ ಅವರ ಮಾನಕ್ಕೇನೂ ಕುಂದು ಬರಲಿಲ್ಲ. ಹಣ ಬೇಕಾದ ಕೆಲಸಕ್ಕೆ ಕೇಂದ್ರ ಸರ್ಕಾರವು 2024ರಲ್ಲಿಯೇ 2,000 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿದೆ. ಬೆಂಗಳೂರಿನಿಂದ ಬೀದರಿಗೆ ಸುಮಾರು 700 ಕಿ.ಮೀ.; 50 ಕಿ.ಮೀ.ಗೊಂದರಂತೆ ಕೇಂದ್ರಗಳನ್ನು ಹಾಕಿದರೆ ಹದಿನಾಲ್ಕು. ಅಷ್ಟನ್ನು ನಗರದ ಹೊರಗೆ ಹಾಕಿಸುವುದು ಆ ಮೊತ್ತಕ್ಕೆ ಭಾರವಾಗಲಾರದು.