ಮುತ್ತಿಗೆಯ ಆಟ, ಮುತ್ತಿಗೆಯ ನಿಜ

ಗಣಕಯಂತ್ರದ ಮುಂದೆ ಕುಳಿತು ಕೋಟೆಗಳಿಗೆ ಲಗ್ಗೆಯಿಡುವ ವಿನೋದವು ಇಂದಿನ ವಿದ್ಯಾರ್ಥಿಗಳಿಗೆ ಹೊಸತಲ್ಲ. 1999ರಲ್ಲಿ ಹೊರಬಂದ 'ಏಜ್ ಆಫ್ ಎಂಪೈರ್ಸ್' ಆಟದ ಎರಡನೆಯ ಭಾಗವು ಮಧ್ಯಯುಗದ ಯುದ್ಧಗಳನ್ನು ಆಧರಿಸಿದುದು. ಅದನ್ನು ಆಡುವವರು ಇಂದಿಗೂ ಕಡಿಮೆಯಾಗಿಲ್ಲ. ಹಿರಿಯರು ಇದನ್ನು ಕಾಲಹರಣವೆಂದು ಜರೆಯುತ್ತಾರೆ. ಕಿರಿಯರಾದ ನಾವು ಶೌರ್ಯದ ಆಟವೆಂದು ಮೆಚ್ಚುತ್ತೇವೆ. ಇವೆರಡೂ ಅರೆಸತ್ಯಗಳೆಂದು ನಮ್ಮ ಅಭಿಪ್ರಾಯ. ಮುತ್ತಿಗೆಯೆಂಬುದು ಮೂಲತಃ ಅನ್ನದ ಲೆಕ್ಕ. ಆ ಲೆಕ್ಕದಲ್ಲಿ ಅರ್ಧವನ್ನು ಆಟವು ಚೆನ್ನಾಗಿ ಕಲಿಸುತ್ತದೆ, ಉಳಿದರ್ಧವನ್ನು ಮುಚ್ಚಿಡುತ್ತದೆ.

ಮೊದಲು ಅದು ಕಲಿಸುವುದನ್ನು ನೋಡೋಣ. ವೈರಿಯ ಕೋಟೆ ಕಣ್ಣಿಗೆ ಬಿದ್ದೊಡನೆ ಕೈಯಲ್ಲಿರುವ ಕತ್ತಿಯಾಳುಗಳನ್ನೂ ರಾವುತರನ್ನೂ ಅದರ ಮೇಲೆ ನೂಕುವುದು ಹೊಸಬರ ವಾಡಿಕೆ. ಆಟದಲ್ಲಿ ಕೋಟೆಯ ತಾಳಿಕೆಗೆ 4800 ಅಂಕಗಳುಂಟು. ಬಿಲ್ಲುಗಾರರು ಒಳಹೊಕ್ಕಷ್ಟೂ ಅದು ಸುರಿಸುವ ಬಾಣಗಳು ಹೆಚ್ಚುತ್ತವೆ. ಇಂಥ ಗೋಡೆಯ ಬುಡದಲ್ಲಿ ನಿಂತು ಕತ್ತಿ ಬೀಸುವವನು ಶೂರನಿರಬಹುದು, ಜಾಣನಲ್ಲ.

ಜಾಣನು ಟ್ರೆಬುಷೆ ಎಂಬ ದೊಡ್ಡ ಕವಣೆಯಂತ್ರವನ್ನು ನೆಚ್ಚುತ್ತಾನೆ. ಕೋಟೆಯ ಬಾಣ 8 ಚೌಕಗಳಷ್ಟು ದೂರ ಹಾರುತ್ತದೆ. ಸಾಮಾನ್ಯ ಸುಧಾರಣೆಗಳೆಲ್ಲ ಆದ ಮೇಲೂ 11ನ್ನು ಮೀರುವುದಿಲ್ಲ. ಕವಣೆಯ ಕಲ್ಲು 16 ಚೌಕಗಳಾಚೆಯಿಂದ ಬಂದು ಬೀಳುತ್ತದೆ. ಆದರೆ ಈ ಯಂತ್ರವು ಸುಲಭವಾಗಿ ದೊರೆಯತಕ್ಕದ್ದಲ್ಲ. ಕೊನೆಯ ಯುಗಕ್ಕೆ ಏರಲು 1000 ಆಹಾರ, 800 ಹೊನ್ನು. ಯಂತ್ರವನ್ನು ಕಟ್ಟಲು ಬೇಕಾದ ಸ್ವಂತ ಕೋಟೆಗೆ 650 ಕಲ್ಲು. ಬಳಿಕ ಒಂದೊಂದು ಯಂತ್ರಕ್ಕೂ 200 ಮರ, 200 ಹೊನ್ನು. ಮೊದಲ ಕಲ್ಲು ಹಾರುವುದಕ್ಕೆ ಮುಂಚೆಯೇ ಇಷ್ಟೆಲ್ಲವನ್ನೂ ಹೊಲದಲ್ಲಿ, ಕಾಡಿನಲ್ಲಿ, ಗಣಿಯಲ್ಲಿ ದುಡಿಯುವ ಹಳ್ಳಿಗರು ಕೂಡಿಹಾಕಿರಬೇಕು. ಆದುದರಿಂದ ಕೋಟೆಯನ್ನು ಗೆಲ್ಲಬಯಸುವವನು ಸೈನಿಕರಿಗಿಂತ ಮೊದಲು ರೈತರನ್ನು ಎಣಿಸತಕ್ಕದ್ದು.

ಯಂತ್ರವನ್ನು ನಿಲ್ಲಿಸುವುದರಲ್ಲಿಯೂ ವಿವೇಕ ಬೇಕು. ಬಿಚ್ಚಿ ನಿಲ್ಲಿಸಿದ ಕವಣೆಯು ಜಾಗ ಬಿಟ್ಟು ಕದಲಲಾರದು. ರಾವುತರು ಮೇಲೆ ಬಿದ್ದರೆ ಅದು ಕ್ಷಣದಲ್ಲಿ ಸೌದೆ. ಆದುದರಿಂದ ಅದರ ಮುಂದೆ ಈಟಿಯಾಳುಗಳ ಸಾಲು ಇರಲೇಬೇಕು. ಹೊನ್ನು ಸಾಲದಿದ್ದರೆ, ಗೋಡೆಗುದ್ದುವ ದಿಮ್ಮಿಯ ಗಾಡಿಗಳಿವೆ. ಅವಕ್ಕೆ ಬಾಣದ ಭಯವಿಲ್ಲ, ಕತ್ತಿಯ ಭಯವುಂಟು. ಅವನ್ನು ಒಂಟಿಯಾಗಿ ಕಳುಹಿಸಬಾರದು. ತಾಳ್ಮೆ, ಲೆಕ್ಕಾಚಾರ, ಒಬ್ಬರ ಕೊರತೆಯನ್ನು ಇನ್ನೊಬ್ಬರಿಂದ ತುಂಬಿಕೊಳ್ಳುವ ಕ್ರಮ, ಇವನ್ನು ಕಲಿಸುವ ಆಟವನ್ನು ಕೇವಲ ಕಾಲಹರಣವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಇನ್ನು ಅದು ಮುಚ್ಚಿಡುವುದೇನು? ಆಟದಲ್ಲಿ ಕೋಟೆಯ ಒಳಗಿನವರಿಗೆ ಹಸಿವೆಯೆಂಬುದೇ ಇಲ್ಲ. ಎಷ್ಟು ಹೊತ್ತು ಸುತ್ತುವರಿದರೂ ಒಳಗಿನ ಬಿಲ್ಲುಗಾರನ ಕೈ ಸೋಲದು. ನಿಜವಾದ ಮುತ್ತಿಗೆಯಲ್ಲಿ ಕಲ್ಲಿಗಿಂತ ಹೆಚ್ಚು ಕೆಲಸ ಮಾಡಿದುದು ಹಸಿವೆಯೇ.

ಫ್ರಾನ್ಸಿನ ನಾರ್ಮಂಡಿಯಲ್ಲಿ, ಸೇನ್ ನದಿಯ ಮೇಲ್ಗಡೆ, ಇಂಗ್ಲೆಂಡಿನ ರಾಜ ರಿಚರ್ಡನು 1196ರಿಂದ 1198ರವರೆಗೆ ಶಾತೊ ಗೈಯಾರ್ ಎಂಬ ದುರ್ಗವನ್ನು ಕಟ್ಟಿಸಿದನು. ಫ್ರಾನ್ಸಿನ ರಾಜ ಎರಡನೆಯ ಫಿಲಿಪ್ಪನು 1203ರಲ್ಲಿ ಅದನ್ನು ಮುತ್ತಿ, ಸುತ್ತಲೂ ಕಂದಕ ತೋಡಿಸಿ ಕಾದು ಕುಳಿತನು. ಕೆಳಗಿನ ಊರಿನ ಜನ ಪ್ರಾಣಭಯದಿಂದ ಕೋಟೆಯನ್ನು ಸೇರಿದ್ದರು. ಧಾನ್ಯ ಉಳಿಸುವುದಕ್ಕಾಗಿ ಕೋಟೆಯ ಅಧಿಪತಿ ರೋಜರ್ ಡಿ ಲೇಸಿಯು ಅವರನ್ನು ತಂಡತಂಡವಾಗಿ ಹೊರಗಟ್ಟಿದನು. ಮೊದಲು ಬಂದವರಿಗೆ ಫ್ರೆಂಚರು ದಾರಿ ಬಿಟ್ಟರು. ಕೊನೆಗೆ ಬಂದವರಿಗೆ ಬಿಡಲಿಲ್ಲ. ಹಿಂದಿರುಗಿದರೆ ಕೋಟೆಯ ಬಾಗಿಲೂ ಮುಚ್ಚಿತ್ತು. ನೂರಾರು ಜನ ಎರಡು ಸೈನ್ಯಗಳ ನಡುವಣ ಬಯಲಿನಲ್ಲಿ ಚಳಿಗಾಲವನ್ನು ಕಳೆಯಬೇಕಾಯಿತು. ಅನೇಕರು ಅಲ್ಲಿಯೇ ಸತ್ತರು. ಬಹುಕಾಲದ ಮೇಲೆ ರಾಜನು ಮನಕರಗಿ ಉಳಿದವರನ್ನು ಬಿಡಿಸಿದನು.

ದುರ್ಗವು 1204ರ ಮಾರ್ಚಿಯಲ್ಲಿ ಬಿದ್ದಿತು. ಸುರಂಗ ತೋಡಿ ಹೊರಗೋಡೆಯನ್ನು ಕೆಡವಿದವರು, ಮುಂದಿನ ಆವರಣಕ್ಕೆ ಪ್ರಾರ್ಥನಾಮಂದಿರದ ಕಾವಲಿಲ್ಲದ ಕಿಟಕಿಯಿಂದ ನುಸುಳಿದರೆಂದು ಹೇಳುತ್ತಾರೆ. ಚಿತ್ರದುರ್ಗದ ಕಿಂಡಿಯ ಕಥೆಯನ್ನು ಬಲ್ಲ ನಮಗೆ ಇದು ಅಪರಿಚಿತವೆನಿಸದು. ವ್ಯತ್ಯಾಸವಿಷ್ಟೇ, ಅಲ್ಲಿ ಓಬವ್ವನಂಥವಳು ಇರಲಿಲ್ಲ. ಇತಿಹಾಸವು ಸೋತ ಅಧಿಪತಿಯ ಹೆಸರನ್ನೂ ಗೆದ್ದ ರಾಜನ ಹೆಸರನ್ನೂ ಬರೆದಿಟ್ಟಿದೆ. ಆ ಬಯಲಿನಲ್ಲಿ ಸತ್ತವರ ಹೆಸರನ್ನು ಬರೆದವರಿಲ್ಲ.

ಇದು ಗತಕಾಲದ ಮಾತೆಂದು ಯಾರೂ ಸಮಾಧಾನಪಡಬೇಕಾಗಿಲ್ಲ. 1941ರಿಂದ 1944ರವರೆಗೆ ನಡೆದ ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ಲಕ್ಷಗಟ್ಟಲೆ ನಾಗರಿಕರು ಹಸಿವೆಯಿಂದ ಸತ್ತರು. ನಾಗರಿಕರನ್ನು ಉಪವಾಸ ಕೆಡಹುವುದನ್ನು ಯುದ್ಧದ ಉಪಾಯವಾಗಿ ಬಳಸಕೂಡದೆಂಬ ನಿಷೇಧವು ಜಿನೀವಾ ಒಪ್ಪಂದಗಳಿಗೆ ಸೇರಿದುದು 1977ರಲ್ಲಿ. ಲೋಕವು ಇಷ್ಟನ್ನು ಬರವಣಿಗೆಗೆ ಇಳಿಸುವುದಕ್ಕೆ ಶಾತೊ ಗೈಯಾರಿನ ಪತನದಿಂದ ಏಳುನೂರ ಎಪ್ಪತ್ತಮೂರು ವರ್ಷಗಳು ಬೇಕಾದವು.

ಆಟವನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಆಡುವುದಾದರೆ ಚೆನ್ನಾಗಿ ಆಡೋಣ: ಕಣಜವನ್ನು ತುಂಬಿ, ಕವಣೆಯನ್ನು ದೂರದಲ್ಲಿ ನಿಲ್ಲಿಸಿ, ಈಟಿಯವರನ್ನು ಮುಂದಿಟ್ಟು ಗೆಲ್ಲೋಣ. ಆದರೆ ಗೆಲವಿನ ಕಹಳೆ ಮೊಳಗಿದ ಮೇಲೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳೋಣ: ಈ ಗೋಡೆಯ ಹಿಂದೆ ಯಾರಿದ್ದರು, ಅವರು ಏನನ್ನು ಉಂಡರು? ಉತ್ತರವು ಪರದೆಯ ಮೇಲೆ ಮೂಡದು. ಶಾಲೆಯ ಗ್ರಂಥಾಲಯದಲ್ಲಿ ಇತಿಹಾಸದ ಕಪಾಟಿನವರೆಗೆ ನಡೆದುಹೋಗಬೇಕು. ಆಟವು ನಮ್ಮನ್ನು ಆ ಕಪಾಟಿನ ಬಳಿಗೆ ಕರೆದೊಯ್ದರೆ, ಹಿರಿಯರ ಆಕ್ಷೇಪಣೆಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇರೊಂದಿಲ್ಲ.