ಜೋಡಿ ಲಗಾಮು

ಮೊನ್ನೆ ಸಂಜೆ ಜಯನಗರದ ನಮ್ಮ ಬೀದಿಯ ಹಿರಿಯ ಗೃಹಿಣಿಯೊಬ್ಬರು ನನ್ನನ್ನು ತಡೆದು, “ಮೇಷ್ಟ್ರೇ, ನಮ್ಮನೆಯವರಿಗೆ ಬಂದ ಕಾಯಿಲೆ ಮಕ್ಕಳಿಗೂ ಬರುತ್ತದೆಯೆ?” ಎಂದು ಕೇಳಿದರು. ಆಕೆಯ ಪತಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಕನ್ನಡ ಪಾಠ ಹೇಳುವವನು ನಾನು. ಒಡನೆ ಉತ್ತರಿಸಲಾರದೆ ಹೋದೆ. ಆಮೇಲೆ ಓದಿ ತಿಳಿದುದನ್ನು ಓದುಗರ ಮುಂದೂ ಇಡುತ್ತಿದ್ದೇನೆ.

ಜಠರದ ಹಿಂದೆ ಅಡಗಿರುವ ಈ ಗ್ರಂಥಿ ಉಂಡದ್ದನ್ನು ಅರಗಿಸುವ ರಸವನ್ನೂ ಇನ್ಸುಲಿನ್ನನ್ನೂ ಒದಗಿಸುತ್ತದೆ. ಇದರ ಜೀವಕೋಶಗಳು ಬೇಕಾದಷ್ಟೇ ಬೆಳೆಯಬೇಕಾದರೆ, ಜಟಕಾ ಕುದುರೆಗೆ ಇರುವಂತೆ ಚಾವಟಿಯೂ ಬೇಕು, ಲಗಾಮೂ ಬೇಕು. ಕೆ-ರಾಸ್ ಎಂಬ ವಂಶವಾಹಿ ಚಾವಟಿ. ಈ ರೋಗಿಗಳಲ್ಲಿ ನೂರಕ್ಕೆ ಸುಮಾರು 90 ಮಂದಿಯಲ್ಲಿ ಅದು ಕೆಟ್ಟು, ಬಿಡುವಿಲ್ಲದೆ ಬೀಸುತ್ತಿರುತ್ತದೆ. ಆದರೂ ಲಗಾಮು ಗಟ್ಟಿಯಾಗಿರುವ ತನಕ ಕುದುರೆ ಹುಚ್ಚೋಟ ಕೀಳದು. ಪಿ16 ಎಂಬ ವಂಶವಾಹಿ ಕೋಶದ ವಿಭಜನೆಯನ್ನು ತಡೆಹಿಡಿಯುತ್ತದೆ. ಪಿ53 ಘಾಸಿಗೊಂಡ ಕೋಶವನ್ನು ದುರಸ್ತಿಗೆಂದು ನಿಲ್ಲಿಸುತ್ತದೆ. ದುರಸ್ತಿ ಅಸಾಧ್ಯವಾದರೆ ಕೊನೆಗಾಣಿಸುತ್ತದೆ. ಸ್ಮ್ಯಾಡ್4, “ಬೆಳೆದದ್ದು ಸಾಕು” ಎಂಬ ಹೊರಗಿನ ಆಜ್ಞೆಯನ್ನು ಕೋಶದ ಒಡಲಿಗೆ ಮುಟ್ಟಿಸುತ್ತದೆ.

ಇಂಥ ಪ್ರತಿಯೊಂದು ಲಗಾಮೂ ನಮ್ಮಲ್ಲಿ ಜೋಡಿಯಾಗಿರುತ್ತದೆ: ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಹರಿದರೂ ಇನ್ನೊಂದು ಸಾಮಾನ್ಯವಾಗಿ ಕಾಯುತ್ತದೆ. ಮಕ್ಕಳ ಕಣ್ಣಿನ ಕ್ಯಾನ್ಸರನ್ನು ಪರಿಶೀಲಿಸಿ, ಎರಡು ಪೆಟ್ಟುಗಳ ಈ ತತ್ತ್ವವನ್ನು 1971ರಲ್ಲಿ ಮುಂದಿಟ್ಟವರು ಅಮೆರಿಕದ ವೈದ್ಯ ಆಲ್‌ಫ್ರೆಡ್ ನಡ್‌ಸನ್. ಒಂದೊಂದೇ ಲಗಾಮು ಹರಿಯಲು ಕಾಲ ಹಿಡಿಯುತ್ತದೆ. ಮೇದೋಜೀರಕದಲ್ಲಿ ಮೊದಲ ಕೇಡಿನಿಂದ ಕ್ಯಾನ್ಸರ್ ಕೋಶ ಹುಟ್ಟುವುದಕ್ಕೆ ಹತ್ತು ವರ್ಷವಾದರೂ ಬೇಕೆಂದು 2010ರಲ್ಲಿ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಅಂದಾಜು ಮಾಡಿದರು.

ಹಾಗಾದರೆ ಆ ತಾಯಿಗೆ ಉತ್ತರವೇನು? ಈ ರೋಗಿಗಳಲ್ಲಿ ಹುಟ್ಟಿನಿಂದಲೇ ಸವೆದ ಲಗಾಮನ್ನು ಪಡೆದವರು ಸುಮಾರು ಹತ್ತರಲ್ಲಿ ಒಬ್ಬರು. ಉಳಿದವರಲ್ಲಿ ಅದು ಬಾಳಿನ ದಾರಿಯಲ್ಲಿ ಹರಿದುದು. ಪಿತ್ರಾರ್ಜಿತವಾಗಿ ಬರುವುದು ಅಪಾಯವೇ ಹೊರತು ರೋಗವಲ್ಲ. ಆದರೂ ರೋಗಿಯ ಮಕ್ಕಳು, ಒಡಹುಟ್ಟಿದವರು ವಂಶವಾಹಿ ಪರೀಕ್ಷೆಯ ವಿಚಾರವಾಗಿ ತಜ್ಞರನ್ನು ಕೇಳುವುದು ವಿವೇಕ. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಜಯನಗರದವರಿಗೆ ದೂರವೇನಲ್ಲ. ಇನ್ನು ಧೂಮಪಾನ ಈ ರೋಗದ ಸಂಭವವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸುತ್ತದೆ.

ಮರುದಿನ ಇಷ್ಟನ್ನೂ ಆಕೆಗೆ ಹೇಳಿದೆ. ಕೇಳಿ ನಿಟ್ಟುಸಿರಿಟ್ಟ ಆಕೆ ಹಿರಿಯ ಮಗನತ್ತ ತಿರುಗಿ, “ಕೇಳಿದೆಯೇನೋ? ಇನ್ನು ಸಾಕು” ಎಂದರು. ಅವನು ಮಾತಾಡಲಿಲ್ಲ, ಜೇಬಿನಲ್ಲಿದ್ದ ಸಿಗರೇಟಿನ ಪೊಟ್ಟಣವನ್ನು ತೆಗೆದು ತಾಯಿಯ ಕೈಗಿತ್ತನು.