ಚಳಿಗಾಲಕ್ಕೆ ಮುಂಚೆ ಕಾರಿಗೆ ಬೇಕಾದದ್ದು ಎರಡು ಬಕೆಟ್ ನೀರು

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಅನುವಾದದ ಕೆಲಸ ಬಂತು. ಕಾರಿನ ಬಣ್ಣಕ್ಕೆ ಹಚ್ಚುವ ಲೇಪನ ಮಾರುವ ಕಂಪನಿಯೊಂದರ ಎಂಟು ಪುಟದ ಕೈಪಿಡಿ. ಇಂಗ್ಲಿಷಿನಿಂದ ಕನ್ನಡಕ್ಕೆ, ಪದಕ್ಕೆ ಇಷ್ಟು ಎಂಬ ದರ, ಎರಡು ದಿನದ ಗಡುವು. ಚಳಿಗಾಲ ಬರುವ ಮುಂಚೆ ಕಾರಿನ ಬಣ್ಣ ಕಾಪಾಡಿಕೊಳ್ಳುವುದು ಹೇಗೆ ಎಂಬುದು ವಿಷಯ. ಎರಡು ಪುಟ ಸಲೀಸಾಗಿ ಸಾಗಿತು. ಮೂರನೆಯದರಲ್ಲಿ ಸಿಕ್ಕಿಕೊಂಡೆ. ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಕಾರಿನ ತಳಕ್ಕೆ ಅಂಟಿಕೊಳ್ಳುತ್ತದೆ, ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವಾಗ ಎಚ್ಚರವಾಗಿರಿ ಎಂದೆಲ್ಲ ಅಲ್ಲಿತ್ತು.

ನಾನಿರುವುದು ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ. ಇಲ್ಲಿ ಜನವರಿ ರಾತ್ರಿ ಹದಿನಾಲ್ಕು ಹದಿನೈದು ಡಿಗ್ರಿಗೆ ಇಳಿದರೆ ಚಹಾದಂಗಡಿಯವರು ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಕೆಲಸ ಕೊಟ್ಟ ಏಜೆನ್ಸಿಗೆ ಬರೆದೆ: ಕನ್ನಡ ಓದುವವರ ಯಾವ ಊರಿನಲ್ಲೂ ರಸ್ತೆಗೆ ಉಪ್ಪು ಹಾಕುವುದಿಲ್ಲ, ಈ ಭಾಗ ಬದಲಿಸಬಹುದೇ? ಉಪ್ಪಿನ ಗಾಳಿಗೆ ಹೆದರಬೇಕಾದವರು ಕಾರವಾರ, ಮಲ್ಪೆಯವರು, ಅದೂ ವರ್ಷಪೂರ್ತಿ ಎಂದೂ ಸೇರಿಸಿದೆ. ಮೂಲದಲ್ಲಿರುವಂತೆಯೇ ಮಾಡಿ ಎಂದು ಒಂದು ಸಾಲಿನ ಉತ್ತರ ಬಂತು. ಮಾಡಿದೆ. ಹಣವೂ ಬಂತು.

ಆದರೆ ಪ್ರಶ್ನೆ ಉಳಿಯಿತು. ಹಿಮವಿಲ್ಲದ, ಉಪ್ಪಿಲ್ಲದ ನಮ್ಮ ಚಳಿಗಾಲದಲ್ಲಿ ಕಾರಿನ ಬಣ್ಣವನ್ನು ಹಾಳು ಮಾಡುವುದು ಯಾವುದು?

ಅಪ್ಪನ ಕಾರಿನ ನೆಪದಲ್ಲಿ ಇದಕ್ಕೆ ಉತ್ತರ ಹುಡುಕಿದೆ. ರೈಲ್ವೆಯಿಂದ ನಿವೃತ್ತರಾದ ವರ್ಷ ಕೊಂಡ ಕಡುನೀಲಿ ಕಾರು. ಊರು ಸೇಡಂಗೆ ಹೋಗಿಬರಲು, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಿಗೆ ಹೋಗಲು ಅದೇ. ಬಡೀ ಚೌಡಿ ಕಡೆಯ ನಮ್ಮ ಗಲ್ಲಿಯಲ್ಲಿ, ಕಟ್ಟಡದ ಅಂಗಳದ ಬಯಲಿನಲ್ಲಿ ನಿಲ್ಲುತ್ತದೆ. ಕೈಪಿಡಿಯ ಪ್ರಭಾವವೋ ಏನೋ, ಅದನ್ನು ಕೋಠಿ ಹತ್ತಿರದ ಒಂದು ಅಂಗಡಿಗೆ ಒಯ್ದೆ. ಅಲ್ಲಿನವನು ಬಾನೆಟ್ ಮೇಲೆ ಟಾರ್ಚ್ ಬಿಟ್ಟ. ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ಸಾವಿರಾರು ಸಣ್ಣ ಗೀರುಗಳು ಕಂಡವು. ‘ಸರ್ದೀ ಸ್ಪೆಷಲ್’ ಪ್ಯಾಕೇಜ್ ಇದೆ, ಪಾಲಿಶ್ ಮತ್ತು ಸೆರಾಮಿಕ್ ಕೋಟಿಂಗ್ ಸೇರಿ ಇಪ್ಪತ್ತೆರಡು ಸಾವಿರ ಎಂದ. ಹಣ ಕೊಡುವುದಕ್ಕೂ ಸಿದ್ಧಳಾಗಿದ್ದೆ. ಕೊನೆಗೆ ಒಂದು ಪ್ರಶ್ನೆ ಕೇಳಿದೆ: ಈ ಗೀರುಗಳು ಬಂದದ್ದು ಎಲ್ಲಿಂದ? ಅವನು ಪ್ರಾಮಾಣಿಕ ಮನುಷ್ಯ. “ಕಪಡಾ ಮಾರ್‌ನೇ ಸೇ” ಎಂದ.

ಈ ಊರಿನ ಮಾತಿನಲ್ಲಿ ಗಾಡಿ ಒರೆಸುವುದಕ್ಕೆ ‘ಕಪಡಾ ಮಾರ್‌ನಾ’ ಎನ್ನುತ್ತಾರೆ, ಅಂದರೆ ಬಟ್ಟೆ ಹೊಡೆಯುವುದು. ನಡೆಯುವುದು ಹೆಚ್ಚು ಕಡಿಮೆ ಅದೇ. ಒಣ ಬಟ್ಟೆಯಲ್ಲಿ ಛಾವಣಿಗೆ ನಾಲ್ಕು ಏಟು, ಬಾನೆಟ್ಟಿಗೆ ನಾಲ್ಕು, ನಂತರ ಒದ್ದೆ ಬಟ್ಟೆಯಲ್ಲಿ ಗುಂಡಗೆ ಒಂದು ಸುತ್ತು. ಕನ್ನಡದಲ್ಲಿ ಕೊಡವು, ಒರೆಸು, ಉಜ್ಜು, ತಿಕ್ಕು, ತೊಳೆ ಎಲ್ಲವೂ ಬೇರೆ ಬೇರೆ ಕೆಲಸಗಳು. ಪಾತ್ರೆಯ ಮಟ್ಟಿಗೆ ಈ ವ್ಯತ್ಯಾಸ ನಮಗೆ ಚೆನ್ನಾಗಿ ಗೊತ್ತು. ಮರಳು ಮೆತ್ತಿದ ಸ್ಟೀಲ್ ತಟ್ಟೆಯನ್ನು ಯಾರೂ ನೇರವಾಗಿ ಒರೆಸುವುದಿಲ್ಲ, ಮೊದಲು ನೀರು ಹಾಕುತ್ತಾರೆ. ಕಾರಿಗೆ ಬಂದಾಗ ಮಾತ್ರ ಎಲ್ಲಕ್ಕೂ ಒರೆಸುವುದೊಂದೇ ಉಪಾಯ.

ಇದರಿಂದ ಏನಾಗುತ್ತದೆ ಎಂದು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಒಂದು ಪಾರದರ್ಶಕ ಪದರ ಇರುತ್ತದೆ, ಅದೇ ಕ್ಲಿಯರ್ ಕೋಟ್. ಹೊಳಪು ಇರುವುದೂ ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಇದೇ ಪದರ. ಸಾಮಾನ್ಯವಾಗಿ ಇದರ ದಪ್ಪ 40–50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಒಮ್ಮೆ ಯಂತ್ರ ಹಿಡಿದು ಪಾಲಿಶ್ ಮಾಡಿದಾಗ ಗೀರು ಮಾಯವಾದಂತೆ ಕಾಣುವುದು ಈ ಪದರದ ಮೇಲ್ಭಾಗವನ್ನೇ ಸವೆಸುವುದರಿಂದ. ಆದ್ದರಿಂದ ಅದನ್ನು ಬೇಕೆಂದಾಗಲೆಲ್ಲ ಮಾಡಿಸಲಾಗದು.

ಇನ್ನು ಧೂಳು. ಹೈದರಾಬಾದ್ ನಿಂತಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಮೇಲೆ. ಆ ಕಲ್ಲು ಸವೆದು, ಒಡೆದು, ಜಲ್ಲಿಯಾಗಿ, ಪುಡಿಯಾಗಿ ಹಾರುವ ಧೂಳಿನಲ್ಲಿ ಕ್ವಾರ್ಟ್ಜ್ ಕಣಗಳಿವೆ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕ್ವಾರ್ಟ್ಜ್‌ನದು 7. ಅದು ಗಾಜನ್ನೂ ಗೀರಬಲ್ಲದು, ಕ್ಲಿಯರ್ ಕೋಟ್ ಯಾವ ಲೆಕ್ಕ? ಅಂಗಡಿಯವನು ತೋರಿಸಿದ ಸೆರಾಮಿಕ್ ಡಬ್ಬಿಯ ಮೇಲೆ ‘9ಎಚ್’ ಎಂದು ದೊಡ್ಡದಾಗಿ ಬರೆದಿತ್ತು. ಏಳಕ್ಕಿಂತ ಒಂಬತ್ತು ದೊಡ್ಡದು, ಹಾಗಾಗಿ ಮರಳಿಗೂ ಜಗ್ಗದು ಎಂದು ಕೊಳ್ಳುವವರು ಅಂದುಕೊಳ್ಳುತ್ತಾರೆ. ಆದರೆ ಆ 9ಎಚ್ ಕಲ್ಲಿನ ಮಾಪಕದ ಸಂಖ್ಯೆ ಅಲ್ಲ. ಅದು ಪೆನ್ಸಿಲ್ ಪರೀಕ್ಷೆಯದು. ನಕ್ಷೆ ಬರೆಯುವ ಪೆನ್ಸಿಲ್ಲುಗಳಲ್ಲಿ ಎಚ್‌ಬಿ, 2ಎಚ್ ಎಂದಿರುತ್ತದಲ್ಲ, ಅದೇ ಸಾಲಿನ ಅತಿ ಗಟ್ಟಿ ಪೆನ್ಸಿಲ್ಲಿಗೂ ಗೀರು ಬೀಳಲಿಲ್ಲ ಎಂಬುದಷ್ಟೇ ಅದರ ಅರ್ಥ. ಸೆರಾಮಿಕ್ ಲೇಪನ ನಿಷ್ಪ್ರಯೋಜಕ ಎನ್ನುತ್ತಿಲ್ಲ. ನೀರು ಜಾರುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ. ಆದರೆ ಅದರ ಮೇಲೂ ದಿನಾ ಮರಳು ತಿಕ್ಕಿದರೆ ಗೀರು ಬಿದ್ದೇ ಬೀಳುತ್ತದೆ.

ನಮ್ಮ ಚಳಿಗಾಲದ ಪಾತ್ರ ಇಲ್ಲಿದೆ. ಮಳೆಗಾಲದಲ್ಲಿ ಆಗಾಗ ಸುರಿಯುವ ನೀರು ಧೂಳನ್ನು ಒಯ್ಯುತ್ತದೆ. ನವೆಂಬರಿನಿಂದ ಅದೂ ಇಲ್ಲ. ಮೋಡವಿಲ್ಲದ ರಾತ್ರಿಗಳಲ್ಲಿ ಕಾರಿನ ಛಾವಣಿ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಅದರ ಮೇಲೆ ಇಬ್ಬನಿ ಕೂರುತ್ತದೆ. ಇಬ್ಬನಿಯಲ್ಲಿ ಧೂಳು ನೆನೆದು ಕೆಸರಾಗುತ್ತದೆ, ಬಿಸಿಲಿಗೆ ಒಣಗಿ ಹೆಕ್ಕಳೆಯಾಗುತ್ತದೆ. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ಸಿಮೆಂಟಿನ ಕಣಗಳೂ ಸೇರಿ ಅಲ್ಲೇ ಗಟ್ಟಿಯಾಗುತ್ತವೆ. ಇದರ ಜೊತೆಗೆ ಪಾರಿವಾಳ. 2020ರ ಫೆಬ್ರುವರಿ 7ರಂದು ನಮ್ಮ ಬಜಾರಿನ ನೆತ್ತಿಯ ಮೇಲೆ ಮೆಟ್ರೊ ಓಡಲು ಶುರುವಾಯಿತು. ಪಾರಿವಾಳಗಳು ಮೊದಲೂ ಇದ್ದವು, ಈಗ ಕೂರಲು ಇನ್ನಷ್ಟು ಜಾಗ ಸಿಕ್ಕಿದೆ. ಅವುಗಳ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿನಲ್ಲಿ ಒಂದೆರಡು ದಿನ ಬಿಟ್ಟರೆ ಕ್ಲಿಯರ್ ಕೋಟ್ ಮೇಲೆ ಅಚ್ಚು ಉಳಿಯುತ್ತದೆ. ಇಷ್ಟೆಲ್ಲದರ ಮೇಲೆ, ಬೆಳಿಗ್ಗೆ ಆರಕ್ಕೆ, ಬಟ್ಟೆ ಬೀಳುತ್ತದೆ.

ಆ ಬಟ್ಟೆ ಹಿಡಿದವರ ಕಡೆಗೆ ಈಗ ತಿರುಗಬೇಕು. ನಮ್ಮ ಗಲ್ಲಿಯ ಮೂರು ಕಟ್ಟಡಗಳ ಹದಿನಾರು ಕಾರುಗಳನ್ನು ಒರೆಸುವವರು ಮಕ್ತಲ್ ಕಡೆಯ ಒಬ್ಬ ಹಿರಿಯರು. ಕೃಷ್ಣಾ ನದಿಯ ಈಚೆಗಿನ ಆ ಗಡಿಯಲ್ಲಿ ಕನ್ನಡ ಮನೆಮಾತಾಗಿರುವವರು ಬಹಳ ಮಂದಿ. ಮೊದಲ ದಿನ ಅಮ್ಮ ನನ್ನನ್ನು ಕೂಗಿದ್ದು ಕೇಳಿ ಅವರೇ ಕನ್ನಡದಲ್ಲಿ ಮಾತಾಡಿಸಿದರು. ಅಂದಿನಿಂದ ನನಗೆ ಅವರು ಕಾಕಾ. ಕಾರಿಗೆ ತಿಂಗಳಿಗೆ ನಾನೂರು ರೂಪಾಯಿ. ಬೆಳಗಿನ ನಾಲ್ಕೂವರೆಗೆ ಶುರುಮಾಡಿ ಏಳೂವರೆಯೊಳಗೆ ಹದಿನಾರೂ ಮುಗಿಯಬೇಕು, ಆಮೇಲೆ ಅವರಿಗೆ ಒಂದು ಬಟ್ಟೆಯಂಗಡಿಯ ಬಾಗಿಲು ಕಾಯುವ ಕೆಲಸ. ಅಂದರೆ ಒಂದು ಕಾರಿಗೆ ಹನ್ನೊಂದು ನಿಮಿಷ.

ಅಂಗಡಿಯಿಂದ ಬಂದ ಮರುದಿನ ಬೇಗ ಎದ್ದು ಕೆಳಗಿಳಿದೆ.

“ಕಾಕಾ, ಮೊದಲ ನೀರ ಹಾಕಿ ಆಮ್ಯಾಲೆ ಒರಸಬಾರದೇನು?”

“ನೀರ ಎಲ್ಲಿ ಅದಾವ್ರೀ ಅಕ್ಕಾರ? ವಾಚ್‌ಮನ್ ಕೊಡೋದು ಎರಡ ಬಕೀಟು. ಗಾಡಿ ಹದಿನಾರು.”

ಬಕೆಟ್ ನೋಡಿದೆ. ಐದನೆಯ ಕಾರಿನ ಹೊತ್ತಿಗೆ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಮೊದಲ ಕಾರಿನ ಚಕ್ರದ ಮರಳು ಎರಡನೆಯ ಕಾರಿನ ಬಾನೆಟ್ಟಿಗೆ, ಅದರದು ಮೂರನೆಯದಕ್ಕೆ. ಡಿಸೆಂಬರಿನ ಆ ನೀರಿನಲ್ಲಿ ಕೈ ಅದ್ದಿ ಅದ್ದಿ ಅವರ ಬೆರಳ ಗೆಣ್ಣುಗಳು ಬಿರಿದಿದ್ದವು. ಇದು ಅವರ ಅಜಾಗರೂಕತೆ ಅಲ್ಲ. ನೀರು, ಬಟ್ಟೆ, ಸಮಯ ಯಾವುದನ್ನೂ ಕೊಡದೆ ದಿನಾ ಹೊಳಪು ಕೇಳುವ ನಾವು ಹಾಕಿಕೊಟ್ಟ ಕ್ರಮ ಇದು.

ನನ್ನ ವಾದ ಇಷ್ಟೇ. ದಿನಾ ಒರೆಸುವುದನ್ನು ನಿಲ್ಲಿಸಿ, ವಾರಕ್ಕೊಮ್ಮೆ ತೊಳೆಸಿ. ಸಂಬಳವನ್ನು ಒಂದು ರೂಪಾಯಿಯೂ ಇಳಿಸಬೇಡಿ.

ತೊಳೆಯುವುದೆಂದರೆ ಹೀಗೆ. ಕಾರು ನೆರಳಿನಲ್ಲಿರಲಿ, ಲೋಹ ಬಿಸಿಯಾಗಿರಬಾರದು. ಮೊದಲು ಮಗ್ಗಿನಿಂದ ಮೇಲಿಂದ ಕೆಳಗೆ ನೀರು ಸುರಿದು, ಕೈ ಹಚ್ಚದೆ, ಧೂಳು ಇಳಿಯಲು ಬಿಡಬೇಕು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಲು ಬರೀ ನೀರು. ಪಾತ್ರೆ ತೊಳೆಯುವ ಸೋಪು ಬೇಡ, ಅದು ಹಚ್ಚಿದ ಮೇಣವನ್ನೂ ತೆಗೆದುಹಾಕುತ್ತದೆ. ಛಾವಣಿಯಿಂದ ಶುರುಮಾಡಿ ಚಕ್ರ ಕೊನೆಗೆ, ಚಕ್ರದ ಬಟ್ಟೆ ಬೇರೆ. ಗ್ಯಾರೇಜಿನ ಬನಿಯನ್ ವೇಸ್ಟ್ ಚಕ್ರಕ್ಕಿರಲಿ, ಬಣ್ಣಕ್ಕೆ ಮೈಕ್ರೋಫೈಬರ್ ಬಟ್ಟೆ. ನೀರು ತಾನಾಗಿ ಒಣಗುವ ಮುಂಚೆ ಒಣ ಮೈಕ್ರೋಫೈಬರಿನಿಂದ ಒತ್ತಿ ತೆಗೆಯಬೇಕು, ಬೋರ್‌ವೆಲ್ಲಿನ ಗಡಸು ನೀರು ಒಣಗಿದರೆ ಬಿಳಿ ಚುಕ್ಕೆ ನಿಲ್ಲುತ್ತದೆ. ಹಿಕ್ಕೆ ಕಂಡರೆ ವಾರದ ದಾರಿ ಕಾಯಬಾರದು. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿ, ನೆನೆದ ಮೇಲೆ ಉಜ್ಜದೆ ಎತ್ತಬೇಕು. ಇದನ್ನು ಕಾರಿನ ಒಡೆಯರೇ ಮಾಡಬಹುದು. ಧೂಳಿದ್ದ ಕಾರಿಗೆ ಕವರ್ ಹಾಕಬೇಡಿ. ಗಾಳಿಗೆ ಅದು ಅಲುಗಾಡಿದಾಗಲೆಲ್ಲ ಒಳಗೆ ಮರಳು ತೇಯುತ್ತದೆ.

ಚಳಿಗಾಲಕ್ಕೆ ಮುಂಚಿನ ಒಂದು ದಿನ ಬೇಕೆಂದರೆ ನಮಗದು ಆಗಲೇ ಇದೆ, ಆಯುಧಪೂಜೆ. ಮಳೆ ಹಿಂದೆ ಸರಿಯುವ ಹೊತ್ತು, ಇಬ್ಬನಿ ಇನ್ನೂ ಶುರುವಾಗಿರುವುದಿಲ್ಲ. ಅಂದು ಎಲ್ಲರ ಮನೆಯ ಗಾಡಿಗೂ ಸ್ನಾನ ಆಗಿಯೇ ಆಗುತ್ತದೆ. ಆ ಸ್ನಾನ ಸರಿಯಾಗಿ ಆಗಿ, ಮೇಲೆ ತೆಳ್ಳಗೆ ಒಂದು ಪದರ ಮೇಣ ಹಚ್ಚಿದರೆ ಕೆಲವು ನೂರು ರೂಪಾಯಿಯಲ್ಲಿ ಒಂದೆರಡು ತಿಂಗಳ ರಕ್ಷಣೆ ಸಿಗುತ್ತದೆ. ಅರಿಶಿನ ಕುಂಕುಮವನ್ನು ಗಾಜಿಗೆ ಹಚ್ಚಿ. ಒದ್ದೆ ಕುಂಕುಮ ಬಾನೆಟ್ ಮೇಲೆ ವಾರಗಟ್ಟಲೆ ಉಳಿದರೆ ಕಲೆಯಾಗುತ್ತದೆ, ಬಾಳೆಕಂದಿಗೆ ಸುತ್ತಿದ ಟೇಪಿನ ಅಂಟೂ ಹಾಗೆಯೇ. ದೇವರಿಗೆ ಗಾಜಾದರೇನು, ಬಣ್ಣವಾದರೇನು?

ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ನೀರಿನದು, ಅದು ನ್ಯಾಯವಾದದ್ದೇ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಆದೇಶ ಹೊರಡಿಸಬೇಕಾಯಿತು. ನಾನು ಪೈಪು ಬಿಟ್ಟು ತೊಳೆಯಿರಿ ಎನ್ನುತ್ತಿಲ್ಲ. ವಾರಕ್ಕೆ ಮೂವತ್ತು ಲೀಟರ್ ಸಾಕು. ನೀರಿನ ತತ್ವಾರ ಇರುವ ಕಡೆ ಎರಡು ವಾರಕ್ಕೊಮ್ಮೆ ಮಾಡಿ, ನಡುವೆ ಗಾಜು, ಕನ್ನಡಿ, ದೀಪಗಳನ್ನಷ್ಟೇ ಒರೆಸಿ. ಕಾರಿನ ಮೇಲೆ ಧೂಳು ಕೂತರೆ ಬಣ್ಣಕ್ಕೆ ಆಗುವ ನಷ್ಟ, ಅದನ್ನು ಒಣದಾಗಿ ತಿಕ್ಕಿದಾಗ ಆಗುವುದಕ್ಕಿಂತ ಕಡಿಮೆ. ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಬಿಡುವ ನೀರು ಚಕ್ರಗಳಿಗೆ ಆದೀತು. ಅದರಲ್ಲಿ ಲವಣ ಹೆಚ್ಚು, ಬಣ್ಣಕ್ಕೆ ಬೇಡ.

ಎರಡನೆಯ ಆಕ್ಷೇಪ ಬಂದದ್ದು ಕಾಕಾರಿಂದಲೇ. ವಾರಕ್ಕೊಮ್ಮೆ ಎಂದಾಗ ಅವರ ಮುಖ ಸಪ್ಪಗಾಯಿತು.

“ದಿನಾ ನನ್ನ ಕೈ ಗಾಡಿ ಮ್ಯಾಲೆ ಕಾಣಬೇಕ್ರೀ. ಇಲ್ಲಂದ್ರ ಪಗಾರ ಯಾರ ಕೊಡ್ತಾರ?”

ಅವರ ಭಯ ಸುಳ್ಳಲ್ಲ ಎಂದು ಅದೇ ವಾರ ಗೊತ್ತಾಯಿತು. ಮೂರು ಕಟ್ಟಡದವರ ಮುಂದೆ ಈ ಪ್ರಸ್ತಾಪ ಇಟ್ಟೆ. ಸ್ವಚ್ಛ ನೀರು, ತಲಾ ಎರಡು ಬಟ್ಟೆ ನಮ್ಮದು, ವಾರಕ್ಕೊಂದು ತೊಳೆತ ಅವರದು, ದಿನಕ್ಕೆ ಮೂರು ಕಾರು ಮಾತ್ರ. ಒಬ್ಬರು ಕೂಡಲೇ ಕೇಳಿದರು: ಹಾಗಾದರೆ ನೂರು ರೂಪಾಯಿ ಕೊಟ್ಟರೆ ಸಾಕಲ್ಲ? ಅವರ ಕಾರಿಗೆ ಹಿಂದಿನ ವರ್ಷ ಹದಿನೆಂಟು ಸಾವಿರದ ಲೇಪನ ಆಗಿತ್ತು.

ನನಗೆ ಸಿಟ್ಟು ಬಂತು, ಆದರೆ ಲೆಕ್ಕವನ್ನೇ ಮಾತಾಡಿದೆ. ಒಂದು ತೊಳೆತಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ತಿಂಗಳಿಗೆ ಮೂರು ಗಂಟೆ. ನಾನೂರು ರೂಪಾಯಿ ಹೆಚ್ಚಲ್ಲ, ಹೊರಗೆ ಎರಡು ಸಲ ತೊಳೆಸಿದರೆ ಅದಕ್ಕಿಂತ ಹೆಚ್ಚು ಕೇಳುತ್ತಾರೆ. ಹದಿನಾರರಲ್ಲಿ ಐದು ಮನೆಯವರು ಒಪ್ಪಿದರು. ಉಳಿದ ಹನ್ನೊಂದು ಕಾರುಗಳಿಗೆ ಇಂದಿಗೂ ದಿನಾ ಬಟ್ಟೆ ಬೀಳುತ್ತದೆ. ಕಾಕಾ ನಮ್ಮ ಕಾರನ್ನು ಭಾನುವಾರ ತೊಳೆಯುತ್ತಾರೆ. ಮೊದಲ ತಿಂಗಳು ಅವರು ನಂಬದೆ ದಿನಾ ಬೆಳಿಗ್ಗೆ ಬಂದು ಗಾಜನ್ನಾದರೂ ಒರೆಸಿ ಹೋಗುತ್ತಿದ್ದರು. ಒಂದನೆಯ ತಾರೀಖು ಅಪ್ಪ ಪೂರಾ ನಾನೂರು ಕೊಟ್ಟ ಮೇಲೆ ಅದು ನಿಂತಿತು.

ಹಳೆಯ ಗೀರುಗಳು ಹಾಗೇ ಇವೆ, ಪಾಲಿಶ್ ಮಾಡಿಸಲಿಲ್ಲ. ಹೊಸವು ಬೀಳುವುದು ಕಡಿಮೆಯಾಗಿದೆ. ಇಪ್ಪತ್ತೆರಡು ಸಾವಿರದಲ್ಲಿ ಸಾವಿರದಷ್ಟು ಬಟ್ಟೆ, ಶಾಂಪೂ, ಮೇಣಕ್ಕೆ ಹೋಯಿತು. ದಸರೆಗೆ ಕಾಕಾರಿಗೆ ಎರಡು ಸಾವಿರ ಮತ್ತು ಮೊಣಕೈವರೆಗೆ ಬರುವ ಒಂದು ಜೊತೆ ರಬ್ಬರ್ ಕೈಗವಸು ಕೊಟ್ಟೆವು. ಕೈಗವಸು ಹಾಕಿಕೊಂಡರೆ ಬಟ್ಟೆಯ ಹಿಡಿತ ಸಿಗುವುದಿಲ್ಲ ಎಂದು ಗೊಣಗುತ್ತಾರೆ. ಚಳಿ ಹೆಚ್ಚಿದ ದಿನ ಮಾತ್ರ ಹಾಕಿಕೊಳ್ಳುತ್ತಾರೆ.

ನಿಮ್ಮ ಕಾರನ್ನು ಯಾರು ಒರೆಸುತ್ತಾರೆ ಎಂಬುದು ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ನಾಳೆ ಬೆಳಿಗ್ಗೆ ಒಂದು ಸಲ ಬೇಗ ಎದ್ದು ಕೆಳಗಿಳಿದು ಅವರ ಬಕೆಟ್ ನೋಡಿ ಬನ್ನಿ.